ಮೂಲೆಯಲ್ಲಿ ಡಬ್ಬ, ಮೇಜಿನ ಮೇಲೆ ಪರದೆ

ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೆ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಹೋದ ಲಗ್ನದ ಹಂಗಾಮಿನಲ್ಲಿ ಅರ್ಧ ದಿನ ಕೂತಿದ್ದೆ. ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್. ಅದರ ಪರದೆಯ ನಡುವೆ ಒಂದು ಚೌಕ, ಚೌಕದೊಳಗೆ ಹಸಿರು ಗುಡ್ಡ, ನೀಲಿ ಆಕಾಶ, ಕೆಳಗೆ ಎಡಕ್ಕೆ ಹಸಿರು ಸ್ಟಾರ್ಟ್ ಗುಂಡಿ. ವಿಂಡೋಸ್ ಎಕ್ಸ್‌ಪಿ. ಅಂಗಡಿಯವರು ಆ ಚೌಕದೊಳಗೇ ಪೇಜ್‌ಮೇಕರ್ ತೆರೆದು ಒಂದು ಲಗ್ನಪತ್ರಿಕೆಯ ಮುಹೂರ್ತದ ಸಾಲು ತಿದ್ದುತ್ತಿದ್ದರು. ಆ ಎಕ್ಸ್‌ಪಿ ಇದ್ದದ್ದು ಲ್ಯಾಪ್‌ಟಾಪಿನಲ್ಲಲ್ಲ. ಅಂಗಡಿಯ ಮೂಲೆಯಲ್ಲಿ ಕಾಗದದ ರೀಮುಗಳ ಪಕ್ಕ ಒಂದು ಹಳೇ ಡಬ್ಬ ಗುಂಯ್ ಅನ್ನುತ್ತಿತ್ತು. ಅದಕ್ಕೆ ಮಾನಿಟರ್ ಇಲ್ಲ, ಕೀಲಿಮಣೆ ಇಲ್ಲ. ಒಂದು ಕರೆಂಟ್ ವೈರು, ಒಂದು ನೆಟ್‌ವರ್ಕ್ ಕೇಬಲ್ಲು, ಹಿಂಬದಿಯ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಾಂಗಲ್, ಅಷ್ಟೆ. ಬ್ಯಾಗಿಡಲು ಜಾಗ ಮಾಡಿಕೊಳ್ಳೋಣವೆಂದು ಅದನ್ನು ಕೊಂಚ ಸರಿಸಲು ಹೋದರೆ ಅವರು ಕೂತಲ್ಲಿಂದಲೇ ಕೂಗಿದರು: “ಅದ ಅಲ್ಲಾಡಿಸ್ಬ್ಯಾಡಿ ಸಾರ್, ಆಫಾದ್ರ ಮತ್ತ ಏಳದೋ ಇಲ್ವೋ!”

ನಾನು ಹೋಗಿದ್ದು ಒಂದು ಹಳೆಯ ಕಡತ ಹುಡುಕಿಕೊಂಡು. 2003ರಲ್ಲಿ ಯಳಂದೂರು ಕಡೆಯ ಒಂದು ಶಾಲೆಗಾಗಿ ಸ್ಮರಣ ಸಂಚಿಕೆ ತಂದಿದ್ದೆವು. ಪುಟ ಕಟ್ಟಿದ್ದು ಇದೇ ಅಂಗಡಿಯಲ್ಲಿ. ಅದರಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರು ಬಿಳಿಗಿರಿರಂಗನ ಬೆಟ್ಟದ ಜಾತ್ರೆಗೆ ನಡೆದು ಹೋಗುತ್ತಿದ್ದ ದಿನಗಳ ಬಗ್ಗೆ ಆರು ಪುಟ ಬರೆದಿದ್ದರು. ಮೇಷ್ಟ್ರು ಈಗಿಲ್ಲ. ನನ್ನ ಬಳಿಯಿದ್ದ ಅಚ್ಚಾದ ಪ್ರತಿಗೆ ಗೆದ್ದಲು ಹತ್ತಿತ್ತು, ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು. ಆ ಆರು ಪುಟ ಉಳಿದಿದ್ದರೆ ಆ ಮೂಲೆಯ ಡಬ್ಬದಲ್ಲಿ ಮಾತ್ರ.

ಇಂಥ ಡಬ್ಬಗಳು ಒಂದೆರಡಲ್ಲ. ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಡಿಟಿಪಿ ಮಾಡುತ್ತ ಬಂದವರನ್ನು ಕೇಳಿ ನೋಡಿ. ಅಂಗಡಿಯಲ್ಲೋ ಮನೆಯ ಅಟ್ಟದಲ್ಲೋ ಒಂದು ವಿಂಡೋಸ್ 98 ಇಲ್ಲವೇ ಎಕ್ಸ್‌ಪಿ ಯಂತ್ರ ಇನ್ನೂ ಉಸಿರಾಡುತ್ತಿರುತ್ತದೆ. ಅದನ್ನು ಎದುರಿಗೆ ಕೂತು ನಡೆಸುವ ಬದಲು ಬೇರೊಂದು ಪರದೆಯಿಂದ ನಡೆಸಬಹುದೇ, ಹೇಗೆ, ಅದರಿಂದ ಸಿಗುವುದೆಷ್ಟು, ಸಿಗದೆ ಉಳಿಯುವುದೇನು ಎಂಬುದನ್ನು ಒಟ್ಟಾಗಿ ನೋಡುವ ಕಾಲ ಬಂದಿದೆ. ಏಕೆಂದರೆ ಆ ಯಂತ್ರಗಳ ಆಯುಸ್ಸು ಮುಗಿಯುತ್ತ ಬಂದಿದೆ.

ಮೊದಲು, ಅವನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿರುವುದೇಕೆ? ಅಚ್ಚುಮೊಳೆ ಜೋಡಿಸುತ್ತಿದ್ದ ಪ್ರೆಸ್ಸುಗಳು ಡಿಟಿಪಿಗೆ ಹೊರಳಿದ ಕಾಲದಲ್ಲಿ ಪೇಜ್‌ಮೇಕರ್ ಎಂಬುದು ಎಲ್ಲರ ಕೈಗೂ ಹತ್ತಿದ ಸಾಧನ. ಆಲ್ಡಸ್ ಕಂಪನಿ 1985ರಲ್ಲಿ ತಂದದ್ದು, 1994ರಲ್ಲಿ ಅಡೋಬಿ ಪಾಲಾಯಿತು, 2001ರ 7.0 ಅದರ ಕೊನೆಯ ಆವೃತ್ತಿ. ಕನ್ನಡಕ್ಕೆಂದು ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ಶ್ರೀಲಿಪಿ ಇತ್ತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಿಗೂ ಪ್ರೆಸ್ಸುಗಳಿಗೂ ಹಬ್ಬಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಮ್ಮ ಡಿಟಿಪಿ ಹುಡುಗರ ಬೆರಳಿಗೆ ಕೂತದ್ದು ಆಗಲೇ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಷ್ಟು ಹಿಂದೆಯೇ ಜಾಗ ಸಿಕ್ಕಿತ್ತು. ಆದರೆ ವಿಂಡೋಸ್ 98 ಅದನ್ನು ಪರದೆಯ ಮೇಲೆ ಮೂಡಿಸಲಾರದು. ಎಕ್ಸ್‌ಪಿಯ ಜೊತೆ ತುಂಗಾ ಎಂಬ ಫಾಂಟು ಬಂದ ಮೇಲೂ ಪೇಜ್‌ಮೇಕರ್‌ಗೆ ಯೂನಿಕೋಡ್ ಕೊನೆಯವರೆಗೂ ಒಗ್ಗಲಿಲ್ಲ. ಹೀಗಾಗಿ ನಮ್ಮ ಪ್ರೆಸ್ಸುಗಳ ಕನ್ನಡವೆಲ್ಲ ಹಳೆಯ ಫಾಂಟುಗಳಲ್ಲೇ ಸಂಗ್ರಹವಾಯಿತು.

ಹಳೆಯ ಫಾಂಟು ಎಂದರೇನೆಂದು ಹತ್ತಿರದಿಂದ ನೋಡಬೇಕು, ಇಡೀ ವಿಷಯದ ಗಂಟು ಇಲ್ಲಿದೆ. ನುಡಿಯಲ್ಲಿ “ಕನ್ನಡ” ಎಂದು ಹೊಡೆದರೆ ಕಂಪ್ಯೂಟರು ಕನ್ನಡವನ್ನು ಬರೆದಿಟ್ಟುಕೊಳ್ಳುವುದಿಲ್ಲ. ಏಳು ಇಂಗ್ಲಿಷ್ ಹಾಗೂ ಯುರೋಪಿಯನ್ ಚಿಹ್ನೆಗಳನ್ನು ಬರೆದಿಟ್ಟುಕೊಳ್ಳುತ್ತದೆ. ಇಂಗ್ಲಿಷಿನ ದೊಡ್ಡ ‘ಪಿ’ಯ ಜಾಗದಲ್ಲಿ ತಲೆಕಟ್ಟಿಲ್ಲದ ಕಕಾರದ ಒಡಲು, ಮೇಲೆ ಗೀಟಿರುವ ‘ಎ’ಯ ಜಾಗದಲ್ಲಿ ತಲೆಕಟ್ಟು, ಬ್ರಿಟನ್ನಿನ ಪೌಂಡ್ ಚಿಹ್ನೆಯ ಜಾಗದಲ್ಲಿ ನಕಾರದ ಒಡಲು, ಮತ್ತೆ ತಲೆಕಟ್ಟು, ಜರ್ಮನ್ನರ ಒಂದು ಅಕ್ಷರದ ಜಾಗದಲ್ಲಿ ನ ಒತ್ತು, ಸಣ್ಣ ‘ಕ್ಯೂ’ನ ಜಾಗದಲ್ಲಿ ಡಕಾರದ ಒಡಲು, ಕೊನೆಗೆ ಇನ್ನೊಂದು ತಲೆಕಟ್ಟು. ಅಚ್ಚುಮೊಳೆ ಜೋಡಿಸಿದ ಹಾಗೆಯೇ ಇದು, ಕಣ್ಣಿಗೆ ಕಾಣುವ ತುಂಡುಗಳ ಸಾಲು. ಫಾಂಟು ಕಳಚಿತೋ, ಆ ಸಾಲು ಪೌಂಡು, ಪಿ, ಕ್ಯೂಗಳ ಗೋಜಲಾಗಿ ನಿಲ್ಲುತ್ತದೆ. “ಕರ್ನಾಟಕ”ದಲ್ಲಿ ಇನ್ನೂ ಒಂದು ಸೂಕ್ಷ್ಮ ಉಂಟು. ಅರ್ಕಾವೊತ್ತು ಕಣ್ಣಿಗೆ ಕಾಣುವುದು ‘ನಾ’ ಆದ ಮೇಲೆ, ಆದ್ದರಿಂದ ನುಡಿ ಅದನ್ನು ‘ನಾ’ದ ನಂತರ ಇಡುತ್ತದೆ. ಬಾಯಲ್ಲಿ ಹೇಳುವಾಗ ‘ರ್’ ಮೊದಲು, ಆದ್ದರಿಂದ ಯೂನಿಕೋಡ್ ಅದನ್ನು ‘ನಾ’ಕ್ಕಿಂತ ಮುಂಚೆ ಇಡುತ್ತದೆ. ಜಾಲತಾಣಗಳಲ್ಲಿ ಆಗಾಗ ಕಣ್ಣಿಗೆ ಬೀಳುವ “ಕನಾರ್ಟಕ” ಹುಟ್ಟಿದ್ದು ಈ ಎರಡು ಕ್ರಮಗಳ ನಡುವಿನ ಎಡವಟ್ಟಿನಿಂದ.

ಈ ಕಡತಗಳು ತೆರೆಯಬೇಕಾದರೆ ಹಳೆಯ ಪೇಜ್‌ಮೇಕರ್ ಬೇಕು. ಅಡೋಬಿಯದೇ ಇನ್‌ಡಿಸೈನ್ ಒಂದು ಕಾಲದಲ್ಲಿ ಅವನ್ನು ತೆರೆಯುತ್ತಿತ್ತು, ಸಿಎಸ್6 ಆದ ಮೇಲಿನ ಆವೃತ್ತಿಗಳು ಕೈಬಿಟ್ಟವು. ಪೇಜ್‌ಮೇಕರ್ ಜೊತೆಗೆ ಆಗಿನ ಅಕ್ಷರ ತಂತ್ರಾಂಶ ಬೇಕು. ಅದು ಶ್ರೀಲಿಪಿಯಾದರೆ, ಕೊಂಡ ಪ್ರತಿಯೆಂದು ಗುರುತಿಸಲು, ಡಾಂಗಲ್ ಬೇಡುತ್ತದೆ, ಡಾಂಗಲ್ಲಿಗೆ ಪ್ರಿಂಟರ್ ಪೋರ್ಟು ಬೇಕು. ಈಗಿನ ಲ್ಯಾಪ್‌ಟಾಪಿಗೆ ಆ ಪೋರ್ಟೇ ಇಲ್ಲ. ಇದ್ದರೂ 32 ಬಿಟ್ ಕಾಲದ ಡ್ರೈವರುಗಳನ್ನು 64 ಬಿಟ್ ವಿಂಡೋಸ್ ಹತ್ತಿರ ಸೇರಿಸುವುದಿಲ್ಲ. ಹೀಗೆ ಸರಪಳಿಯ ಒಂದೊಂದು ಕೊಂಡಿಯೂ ಹಿಂದಕ್ಕೆ ಎಳೆದೆಳೆದು ಕೊನೆಗೆ ಆ ಮೂಲೆಯ ಡಬ್ಬಕ್ಕೇ ತಂದು ನಿಲ್ಲಿಸುತ್ತದೆ.

ಕೆಲಸ ಒಂದು ಕಡೆ, ಅದರ ಫಲ ಇನ್ನೊಂದು ಕಡೆ ಎಂಬ ಏರ್ಪಾಟು ನಮ್ಮ ಸೀಮೆಗೆ ಹೊಸದೇನಲ್ಲ. ಕೊಳ್ಳೇಗಾಲದ ಗಡಿಗೆ ಅಂಟಿದ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ಕರೆಂಟು ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯಲ್ಲಿ ಸಾಗಿಸಿದರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆದು ಉಪಗ್ರಹ ಸಂಪರ್ಕದಿಂದ ಇಲ್ಲಿನ ಎಂಜಿನಿಯರುಗಳ ಕೆಲಸವನ್ನು ಹೊರದೇಶದ ಕಚೇರಿಗಳಿಗೆ ಬೆಸೆಯಿತು. ಪರದೆಯ ಚಿತ್ರವನ್ನೇ ದೂರಕ್ಕೆ ಸಾಗಿಸುವ ಯೋಚನೆಯೂ ಹೆಚ್ಚುಕಡಿಮೆ ಆ ಕಾಲದ್ದೇ.

1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಎಕ್ಸ್ ಎಂಬ ಕಿಟಕಿ ವ್ಯವಸ್ಥೆ ಕಟ್ಟಿದರು. 1987ರ ಎಕ್ಸ್11 ಇವತ್ತಿಗೂ ಬಳಕೆಯಲ್ಲಿದೆ. ಅದರಲ್ಲಿ ಮೊದಲ ಸಲ ಓದುವವರನ್ನು ತಬ್ಬಿಬ್ಬು ಮಾಡುವ ಒಂದು ಮಾತಿದೆ. ಪರದೆ ಇರುವ ನಿಮ್ಮ ಮೇಜಿನ ಯಂತ್ರವೇ ಅಲ್ಲಿ ಸರ್ವರ್, ದೂರದ ದೊಡ್ಡ ಯಂತ್ರದಲ್ಲಿ ಓಡುವ ತಂತ್ರಾಂಶ ಅದರ ಗಿರಾಕಿ. ಯೋಚಿಸಿದರೆ ಸರಿಯೇ. ಪರದೆ ಎಂಬ ಸರಕು ಇರುವುದು ನಿಮ್ಮಲ್ಲಿ, “ಇಲ್ಲೊಂದು ಗೆರೆ ಎಳೆದುಕೊಡಿ, ಇಲ್ಲೊಂದು ಅಕ್ಷರ ಬರೆದುಕೊಡಿ” ಎಂದು ಕೇಳಿಕೊಂಡು ಬರುವುದು ದೂರದ ತಂತ್ರಾಂಶ. ಹಳೆಯ ಸೋಲಾರಿಸ್, ಹಳೆಯ ವಿಎಂಎಸ್ ಯಂತ್ರಗಳನ್ನು ಜೋಪಾನ ಮಾಡುವ ಹವ್ಯಾಸಿಗಳು ಜಗತ್ತಿನಾದ್ಯಂತ ಇಂದಿಗೂ ಇದೇ ದಾರಿ ಹಿಡಿಯುತ್ತಾರೆ. ಯಂತ್ರ ಗ್ಯಾರೇಜಿನಲ್ಲಿ, ಅದರ ಡೆಸ್ಕ್‌ಟಾಪು ಹೊಸ ಮಾನಿಟರಿನ ಮೇಲೆ. ಅವರಿಗೆ ಎದುರಾಗುವ ತೊಡಕುಗಳು ಬಣ್ಣದ್ದು ಮತ್ತು ಫಾಂಟಿನದು. ಆ ಕಾಲದ ತಂತ್ರಾಂಶ 256 ಬಣ್ಣಗಳ ಪಟ್ಟಿಯನ್ನಷ್ಟೇ ಬಲ್ಲದು, ಈಗಿನ ಪರದೆಗೆ ಆ ಲೆಕ್ಕ ಮರೆತುಹೋಗಿದೆ. ಆಗ ಪರದೆಯೊಳಗೆ ಇನ್ನೊಂದು ಎಂಟು ಬಿಟ್ಟಿನ ಪರದೆ ತೆರೆದು ಅದಕ್ಕೆ ಸಮಾಧಾನ ಹೇಳಬೇಕು. ಫಾಂಟುಗಳೂ ಹಾಗೆಯೇ, ಅಕ್ಷರ ಬರೆಯುವುದು ನಿಮ್ಮ ಮೇಜಿನ ಯಂತ್ರವಾದ್ದರಿಂದ ಹಳೆಯ ಫಾಂಟು ಅಲ್ಲಿರಬೇಕು. ಈ ದಾರಿ ಸೊಗಸಾದದ್ದು, ಆದರೆ ನಮ್ಮ ಅಂಗಡಿಗೆ ಉಪಯೋಗವಿಲ್ಲ. ನಮ್ಮ ಕಡೆ ಉಳಿದಿರುವುದು ವಿಂಡೋಸು.

ವಿಂಡೋಸಿಗೆ ಎರಡು ದಾರಿಗಳಿವೆ. ಒಂದು ವಿಎನ್‌ಸಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಆಲಿವೆಟ್ಟಿ ಸಂಶೋಧನಾಲಯದ ಕೂಸು. ಅದಕ್ಕೆ ಗೆರೆ, ಅಕ್ಷರ, ಫಾಂಟು ಯಾವುದೂ ಗೊತ್ತಿಲ್ಲ. ಪರದೆಯಲ್ಲಿ ಬದಲಾದ ಚೌಕಗಳ ಚುಕ್ಕೆಗಳನ್ನು ಕಿತ್ತು ಕಳಿಸುತ್ತದೆ, ಇನ್ನೊಂದು ಕಡೆ ಅವನ್ನು ಹಾಗೇ ಅಂಟಿಸುತ್ತದೆ. ಈ ಅಜ್ಞಾನವೇ ನಮಗೆ ವರ. ಹಳೆಯ ಶ್ರೀಲಿಪಿಯಾಗಲಿ ನುಡಿಯಾಗಲಿ, ಹೊಸ ಯಂತ್ರದಲ್ಲಿ ಆ ಫಾಂಟು ಇರಲಿ ಬಿಡಲಿ, ಅಲ್ಲಿ ಕಂಡದ್ದು ಇಲ್ಲೂ ಕಾಣುತ್ತದೆ. ಟೈಟ್‌ವಿಎನ್‌ಸಿಯ ಹಳೆಯ 1.3 ಸಾಲಿನ ಆವೃತ್ತಿಗಳು ವಿಂಡೋಸ್ 98ರ ಮೇಲೂ ಓಡುತ್ತವೆ. ಇನ್ನೊಂದು ಮೈಕ್ರೋಸಾಫ್ಟಿನ ಆರ್‌ಡಿಪಿ, 1998ರಲ್ಲಿ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಜೊತೆ ಬಂದದ್ದು. ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ ಅದು ಮೊದಲೇ ಅಡಕವಾಗಿದೆ, ಎಕ್ಸ್‌ಪಿ ಹೋಮ್‌ನಲ್ಲಿ ಇಲ್ಲ. ವಿಂಡೋಸ್ 98ಕ್ಕಂತೂ ಇಲ್ಲವೇ ಇಲ್ಲ. ಕೊಳ್ಳೇಗಾಲದ ಆ ಅಂಗಡಿಯಲ್ಲಿ ಓಡುತ್ತಿದ್ದುದು ಆರ್‌ಡಿಪಿ.

ಎರಡರ ನಡುವಿನ ವ್ಯತ್ಯಾಸ ಕನ್ನಡ ಹೊಡೆಯುವವರಿಗೆ ಬೆರಳ ತುದಿಯಲ್ಲೇ ಗೊತ್ತಾಗುತ್ತದೆ. ಆರ್‌ಡಿಪಿ ಕೀಲಿಮಣೆಯ ಎಷ್ಟನೆಯ ಕೀಲಿ ಒತ್ತಿದಿರಿ ಎಂಬ ಸಂಖ್ಯೆಯನ್ನು ಕಳಿಸುತ್ತದೆ. ವಿಎನ್‌ಸಿ ಸಾಮಾನ್ಯವಾಗಿ ಕಳಿಸುವುದು ಆ ಕೀಲಿಯಿಂದ ಹುಟ್ಟಿದ ಅಕ್ಷರದ ಗುರುತನ್ನು. ಲ್ಯಾಪ್‌ಟಾಪಿನಲ್ಲಿ ಯೂನಿಕೋಡ್ ಕನ್ನಡ ಕೀಲಿಮಣೆ ಚಾಲೂ ಇಟ್ಟು ವಿಎನ್‌ಸಿ ತೆರೆದಿರೆನ್ನಿ, ಇಲ್ಲಿಂದ ‘ಕ’ ಎಂಬ ಅಕ್ಷರವೇ ಹೊರಟುಬಿಡುತ್ತದೆ. ಅಲ್ಲಿ ಕಾಯುತ್ತಿರುವ ಹಳೆಯ ನುಡಿಗೆ ಬೇಕಿರುವುದು ಇಂಗ್ಲಿಷಿನ ಕೀಲಿ. ಅಕ್ಷರ ಬೀಳುವುದೇ ಇಲ್ಲ, ಇಲ್ಲವೇ ಬೇರೇನೋ ಬೀಳುತ್ತದೆ. “ರಿಮೋಟಲ್ಲಿ ಕನ್ನಡ ಬರಲ್ಲ” ಎಂದು ಕೈಬಿಟ್ಟವರು ಬಹಳ ಮಂದಿ ಎಡವಿರುವುದು ಇಲ್ಲಿ. ಈಚೆಯ ಯಂತ್ರದ ಕೀಲಿಮಣೆ ಇಂಗ್ಲಿಷಿನಲ್ಲಿರಲಿ, ಕನ್ನಡ ಮಾಡುವ ಕೆಲಸ ಆಚೆಯ ಯಂತ್ರಕ್ಕಿರಲಿ. ಹೀಗೆ ಮಾಡಿದರೆ ಕೆ.ಪಿ. ರಾವ್ ವಿನ್ಯಾಸ ಮೊದಲಿದ್ದಂತೆಯೇ ಬೆರಳಿಗೆ ಸಿಗುತ್ತದೆ.

ಎರಡನೆಯ ತೊಂದರೆ ಕಣ್ಣಿನದು. ಚಿತ್ರವನ್ನು ಸಣ್ಣದು ಮಾಡಿ ಕಳಿಸಲು ವಿಎನ್‌ಸಿ ಜೆಪೆಗ್ ಬಳಸಿದಾಗ ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಧಕ್ಕೆಯಾಗದು. ಕನ್ನಡದ ಒತ್ತಕ್ಷರ ಕಲಸಿಹೋಗುತ್ತದೆ, ‘ಷ್ಠ’ ಯಾವುದು ‘ಷ್ಟ’ ಯಾವುದು ತಿಳಿಯದು. ಪ್ರೂಫ್ ತಿದ್ದುವ ಹೊತ್ತಿನಲ್ಲಿ ಇದು ಸಣ್ಣ ಮಾತಲ್ಲ, ಲಗ್ನಪತ್ರಿಕೆಯಲ್ಲಿ ಜ್ಯೇಷ್ಠ ಪುತ್ರನ ಹೆಸರು ಕೆಟ್ಟರೆ ಬೀಗರ ಮುಂದೆ ತಲೆ ತಗ್ಗಿಸಬೇಕಾದವರು ಪ್ರೆಸ್ಸಿನವರು. ಜೆಪೆಗ್ ಆಯ್ಕೆ ತೆಗೆದುಹಾಕಿ, ಚಿತ್ರವನ್ನು ಹಿಗ್ಗಿಸದೆ ಇದ್ದ ಅಳತೆಯಲ್ಲೇ ನೋಡುವುದು ಲೇಸು. ದೊಡ್ಡ ಪರದೆಯ ನಡುವೆ ಸಣ್ಣ ಚೌಕವಾಗಿ ಕಂಡರೂ ಚಿಂತೆಯಿಲ್ಲ.

ಆದರೆ ಜೆಪೆಗ್ ತೆಗೆದರೆ ತಂತಿಯ ಮೇಲೆ ಹೊರೆ ಹೆಚ್ಚುತ್ತದೆ. 800 ಅಡ್ಡ 600 ಚುಕ್ಕೆಗಳ ಪರದೆಗೆ ಚುಕ್ಕೆಗೆರಡು ಬೈಟ್‌ನಂತೆ ಒಂದು ಪೂರ್ತಿ ಚಿತ್ರ 9,60,000 ಬೈಟ್. ಹಳೆಯ ಡಯಲ್‌ಅಪ್‌ನ 56 ಕಿಲೋಬಿಟ್ ವೇಗದಲ್ಲಿ ಇದನ್ನು ಹಿಂಡದೆ ಕಳಿಸಿದರೆ 137 ಸೆಕೆಂಡ್ ಬೇಕು. ಒಂದೇ ಅಂಗಡಿಯೊಳಗಿನ 100 ಮೆಗಾಬಿಟ್ ಕೇಬಲ್ಲಿನಲ್ಲಿ ಕಣ್ಣು ಮಿಟುಕಿಸುವಷ್ಟರೊಳಗೆ ಆಗಿಹೋಗುತ್ತದೆ. ಕೊಳ್ಳೇಗಾಲದ ಡಬ್ಬವನ್ನು ಹನೂರಿನಿಂದ ನಡೆಸುವುದಾದರೆ ಮಾತು ಬೇರೆ. ಹನೂರು ದಾಟಿ ಮಹದೇಶ್ವರ ಬೆಟ್ಟದ ಕಡೆ ಕಾಡು ಶುರುವಾದರೆ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂಥಲ್ಲಿ ಕಾಡುವುದು ವೇಗಕ್ಕಿಂತ ವಿಳಂಬ. ಕೀಲಿ ಒತ್ತಿ ಅರ್ಧ ಸೆಕೆಂಡಿಗೆ ಅಕ್ಷರ ಮೂಡಿದರೆ ಬೆರಳು ತಾಳ ತಪ್ಪುತ್ತದೆ. ಒಂದು ಸಾಲು ತಿದ್ದಬಹುದು, ಒಂದು ಪುಟ ಹೊಡೆಯಲಾಗದು. ನನ್ನ ಅಭಿಪ್ರಾಯ ಸ್ಪಷ್ಟ: ಡಿಟಿಪಿ ಕೆಲಸಕ್ಕೆ ಇದು ಒಂದೇ ಸೂರಿನಡಿಯ ಏರ್ಪಾಟು, ಊರಿಂದೂರಿಗೆ ಅಲ್ಲ.

ಊರಿಂದೂರಿಗೆ ಬೇಡವೆನ್ನಲು ಇನ್ನೂ ಗಟ್ಟಿಯಾದ ಕಾರಣವಿದೆ. ವಿಂಡೋಸ್ 98ಕ್ಕೆ 2006ರ ಜುಲೈನಲ್ಲೂ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೂ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. 2017ರಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. 2019ರಲ್ಲಿ ಬ್ಲೂಕೀಪ್ ಎಂಬ ಬಿರುಕು ಸಿಕ್ಕಿದ್ದು ಆರ್‌ಡಿಪಿಯಲ್ಲೇ. ಬೆಂಬಲ ಮುಗಿದು ಐದು ವರ್ಷವಾಗಿದ್ದ ಎಕ್ಸ್‌ಪಿಗೂ ಆಗ ಮೈಕ್ರೋಸಾಫ್ಟ್ ತೇಪೆ ಕೊಡಬೇಕಾಯಿತು ಎಂದರೆ ಅಪಾಯ ಎಷ್ಟೆಂದು ಊಹಿಸಿ. ಹಳೆಯ ವಿಎನ್‌ಸಿಯ ಗುಪ್ತಪದ ಎಂಟು ಅಕ್ಷರಕ್ಕೆ ಮುಗಿಯುತ್ತದೆ, ಆಮೇಲೆ ಸಾಗುವ ಚಿತ್ರಕ್ಕೆ ಮುಸುಕೇ ಇಲ್ಲ. ರೂಟರಿನಲ್ಲಿ ಆರ್‌ಡಿಪಿಯ 3389 ಅಥವಾ ವಿಎನ್‌ಸಿಯ 5900ರ ಬಾಗಿಲು ತೆರೆದಿಟ್ಟು ಮನೆಯಿಂದಲೇ ಅಂಗಡಿಯ ಎಕ್ಸ್‌ಪಿ ನೋಡುತ್ತೇನೆ ಎನ್ನುವವರನ್ನು ಕಂಡರೆ ನನಗೆ ಎದೆ ಡವಗುಟ್ಟುತ್ತದೆ. ಆ ಡಬ್ಬಕ್ಕೆ ಇಂಟರ್‌ನೆಟ್ ಬೇಕಿಲ್ಲ. ಲ್ಯಾಪ್‌ಟಾಪಿಗೂ ಅದಕ್ಕೂ ನಡುವೆ ಒಂದೇ ಒಂದು ಕೇಬಲ್ ಸಾಕು.

ಮೂರನೆಯದೊಂದು ದಾರಿಯನ್ನು ನಮ್ಮ ಕಡೆ ಇನ್ನೂ ಹೆಚ್ಚು ಮಂದಿ ತುಳಿದಿಲ್ಲ. ಬಾಳಿಕೆಯ ದೃಷ್ಟಿಯಿಂದ ನಾನು ಅದಕ್ಕೇ ಮತ ಹಾಕುತ್ತೇನೆ. ಹಳೆಯ ಯಂತ್ರವನ್ನೇ ಇಡಿಯಾಗಿ ಒಂದು ಕಡತವಾಗಿಸಿ ಹೊಸ ಯಂತ್ರದೊಳಗೆ ಓಡಿಸುವುದು. ಫಾಬ್ರಿಸ್ ಬೆಲ್ಲಾರ್ಡ್ 2003ರಲ್ಲಿ ಹೊರತಂದ ಕ್ಯೂಎಮು, ಅದರಂತೆಯೇ ವರ್ಚುವಲ್‌ಬಾಕ್ಸ್ ಈ ಕೆಲಸ ಮಾಡುತ್ತವೆ. ಕ್ಯೂಎಮುವಿಗೆ ತನ್ನದೇ ವಿಎನ್‌ಸಿ ಇದೆ, ಅದು ಒಳಗಿನ ವಿಂಡೋಸಿನ ಹಂಗಿನಲ್ಲಿಲ್ಲ. ಒಳಗಿನ ವಿಂಡೋಸ್ 98ಕ್ಕೆ ನೆಟ್‌ವರ್ಕೇ ಇಲ್ಲದಿದ್ದರೂ ಅದರ ಪರದೆ ಹೊರಗೆ ಕಾಣುತ್ತದೆ, ಯಂತ್ರ ಏಳುವಾಗಿನ ಕಪ್ಪು ಪರದೆಯಿಂದ ಹಿಡಿದು ನೋಡಬಹುದು. ವೈರಸ್ಸಿನ ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಮೆಮೊರಿ ಮಾತ್ರ ಧಾರಾಳವಾಗಿ ಕೊಡಬಾರದು, 512 ಎಂಬಿ ಮೀರಿದರೆ 98 ತಡವರಿಸುತ್ತದೆ. ಅಡ್ಡಗಾಲು ಹಾಕುವುದು ಮತ್ತೆ ಡಾಂಗಲ್ಲೇ. ಲಿನಕ್ಸ್ ಹಾಕಿದ, ಪ್ರಿಂಟರ್ ಪೋರ್ಟಿರುವ ಡೆಸ್ಕ್‌ಟಾಪ್ ಒಂದು ಸಿಕ್ಕರೆ ಆ ಪೋರ್ಟನ್ನು ಒಳಗಿನ ವಿಂಡೋಸಿಗೆ ದಾಟಿಸಿಕೊಡಬಹುದು. ಪೇಟೆಯಲ್ಲಿ ಸಿಗುವ ಯುಎಸ್‌ಬಿ ಪ್ರಿಂಟರ್ ಕೇಬಲ್ಲಿಗೆ ದುಡ್ಡು ಸುರಿಯಬೇಡಿ, ಅದು ಪ್ರಿಂಟರನ್ನು ಗುರುತಿಸೀತೇ ಹೊರತು ಡಾಂಗಲ್ಲನ್ನಲ್ಲ. ಡಾಂಗಲ್ ಬೇಡದ ನುಡಿ, ಬರಹಗಳ ಕಡತಗಳಿಗಂತೂ ಈ ದಾರಿ ರಾಜಮಾರ್ಗ.

ಯಾವ ದಾರಿ ಹಿಡಿದರೂ ಮೊದಲು ಹಾರ್ಡ್ ಡಿಸ್ಕಿನ ಪೂರ್ತಿ ನಕಲು ತೆಗೆಯಬೇಕು. ಡಿಸ್ಕನ್ನು ಹೊರತೆಗೆದು ಐಡಿಇ ಅಡಾಪ್ಟರ್ ಮೂಲಕ ಹೊಸ ಯಂತ್ರಕ್ಕೆ ಸಿಕ್ಕಿಸಿ ನಕಲಿಸಿಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ. ಆ ಅಂಗಡಿಯ ಡಬ್ಬದ ಬಾಗಿಲು ತೆಗೆದು ನೋಡಿದೆವು. ಮದರ್‌ಬೋರ್ಡಿನ ಮೇಲೆ ನಾಲ್ಕು ಕೆಪಾಸಿಟರುಗಳ ತಲೆ ಉಬ್ಬಿದೆ. ಗುಂಡಿ ಸೆಲ್ಲು ಸತ್ತು ಎಷ್ಟು ಕಾಲವಾಯಿತೋ, ಗಡಿಯಾರ 2002ಕ್ಕೆ ಹೋಗಿ ನಿಂತಿದೆ. ಈ ಡಬ್ಬವನ್ನು ರಿಮೋಟಿನಲ್ಲಿ ನೋಡುತ್ತಿರುವುದು ಅದರ ಆಯುಸ್ಸನ್ನು ಒಂದು ದಿನವೂ ಹೆಚ್ಚಿಸುತ್ತಿಲ್ಲ.

ಮತ್ತೊಂದು ಮಾತು. ರಿಮೋಟ್ ಪರದೆಯಲ್ಲಿ ನಮಗೆ ಸಿಗುವುದು ಅಕ್ಷರದ ಚಿತ್ರ, ಅಕ್ಷರವಲ್ಲ. ಪೇಜ್‌ಮೇಕರಿನಿಂದ ಪೋಸ್ಟ್‌ಸ್ಕ್ರಿಪ್ಟ್ ಕಡತಕ್ಕೆ ಮುದ್ರಿಸಿ, ಅದನ್ನು ಹೊಸ ಯಂತ್ರದಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಮೂಲಕ ಪಿಡಿಎಫ್ ಮಾಡಿದರೆ ಪುಟ ಅಚ್ಚಿಗೆ ಹೋಗುತ್ತದೆ, ಗಿರಾಕಿಯ ವಾಟ್ಸ್‌ಆಪ್‌ಗೂ ಹೋಗುತ್ತದೆ. ಆದರೆ ಆ ಪಿಡಿಎಫ್‌ನಲ್ಲಿ ‘ಜಾತ್ರೆ’ ಎಂದು ಹುಡುಕಿದರೆ ಏನೂ ಸಿಗದು, ನಕಲಿಸಿ ಅಂಟಿಸಿದರೆ ಪೌಂಡು ಕ್ಯೂಗಳ ಅದೇ ಗೋಜಲು. ಎರಡು ದಶಕ ನಮ್ಮ ಮೂರು ಊರುಗಳಲ್ಲಿ ಅಚ್ಚಾದ ಜಾತ್ರೆಯ ಕರಪತ್ರ, ಸಂಘಗಳ ವರದಿ, ಮದುವೆ ತಿಥಿಗಳ ಪತ್ರಿಕೆ, ಊರಿನವರು ಬರೆದುಕೊಂಡ ಸ್ಥಳಪುರಾಣ, ಶಾಲೆಗಳ ಸಂಚಿಕೆ, ಇವೆಲ್ಲ ಹೀಗೆ ಚಿತ್ರವಾಗಿ ಉಳಿದರೆ ಮುಂದೆ ಈ ಸೀಮೆಯ ಚರಿತ್ರೆ ಬರೆಯುವವರ ಕೈಗೆ ಅವು ಎಟುಕುವುದಿಲ್ಲ. ಹಳೆಯ ಪರದೆ ಇನ್ನೂ ಕಾಣುತ್ತಿರುವಾಗಲೇ ಕಡತಗಳನ್ನು ಒಂದೊಂದಾಗಿ ತೆರೆದು, ಪಠ್ಯವನ್ನು ಹೊರತೆಗೆದು, ಯೂನಿಕೋಡಿಗೆ ತಿರುಗಿಸಿ, ಕಣ್ಣಿಟ್ಟು ತಿದ್ದಬೇಕು. ಪರಿವರ್ತಕಗಳು ನುಡಿ, ಬರಹಗಳ ಜೊತೆಯಲ್ಲೇ ಸಿಗುತ್ತವೆ. ತಿದ್ದುವಾಗ ಮೂಲ ಪುಟ ಹೇಗಿತ್ತು ಎಂಬುದಕ್ಕೆ ಸಾಕ್ಷಿ ಬೇಕಲ್ಲ, ಆ ಸಾಕ್ಷಿ ರಿಮೋಟ್ ಪರದೆಯ ಚೌಕದಲ್ಲಿದೆ. ನನ್ನ ಮಟ್ಟಿಗೆ ಈ ಇಡೀ ಏರ್ಪಾಟಿನ ಅತಿ ದೊಡ್ಡ ಉಪಯೋಗ ಇದು.

ಸಂಚಿಕೆ ಸಿಕ್ಕಿತು. ‘ಸ್ಕೂಲ್ ಫೈನಲ್’ ಎಂಬ ಹೆಸರಿನ ಮೂರು ಕಡತಗಳಿದ್ದವು, ಮೂರನೆಯದು ನಿಜವಾದ ಫೈನಲ್. ಪರದೆಯ ಎಡಗಡೆ ಎಕ್ಸ್‌ಪಿಯ ಚೌಕದಲ್ಲಿ ಮೇಷ್ಟ್ರ ಪುಟ, ಬಲಗಡೆ ಅದರಿಂದ ಪರಿವರ್ತಿಸಿದ ಯೂನಿಕೋಡ್ ಪಠ್ಯ. ಅಂಗಡಿಯವರು ಲಗ್ನಪತ್ರಿಕೆಯ ಗಿರಾಕಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಟ್ಟರು. ಮೊದಲ ಸಾಲಿನಲ್ಲೇ “ಸೂಯರ್ ಹುಟ್ಟುವ ಮುನ್ನ” ಎಂದಿತ್ತು. ಎಡಗಡೆ ನೋಡಿದೆ, ಮೇಷ್ಟ್ರು ಸೂರ್ಯ ಎಂದೇ ಬರೆದಿದ್ದರು. ತಿದ್ದಿದೆ. ಮುಂದೆ ‘ಮಾಗರ್’, ‘ಧಮರ್ಶಾಲೆ’, ‘ಮಯಾರ್ದೆ’. ಸೋಲಿಗರ ಹಾಡಿಯ ಹತ್ತಿರ ಮಳೆಗೆ ಸಿಕ್ಕಿಕೊಂಡ ರಾತ್ರಿಯ ಪುಟಕ್ಕೆ ಬರುವ ಹೊತ್ತಿಗೆ ಹೊರಗೂ ಕತ್ತಲಾಗಿತ್ತು. ಕರೆಂಟು ಹೋಗಿ ಯುಪಿಎಸ್ ಕಿರುಗುಟ್ಟತೊಡಗಿತು. ಡಬ್ಬದ ಗುಂಯ್ ಸದ್ದು ನಿಲ್ಲಲಿಲ್ಲ. “ಇನ್ನೆಷ್ಟ್ ಪುಟ ಅದ ಸಾರ್?” ಅಂದರು ಅವರು. ಎರಡು ಅಂದೆ. “ಮಾಡ್ಬುಡಿ ಮಾಡ್ಬುಡಿ, ಇನ್ನೊಂದಿಪ್ಪತ್ತ್ ನಿಮ್ಸ ತಡೀತದ” ಎಂದು ಟಾರ್ಚು ಹಿಡಿದು ಡಬ್ಬದ ಪಕ್ಕದಲ್ಲೇ ಕೂತುಕೊಂಡರು.